ಕಡಿಮೆ ದುಡ್ಡಿಗೆ ಗಟ್ಟಿ ಬ್ಯಾಗು: ಬೆಂಗಳೂರಿನಲ್ಲಿ ಟ್ರೆಕಿಂಗ್ ಸಾಮಾನು ಕೊಳ್ಳುವವರಿಗೆ

ಮಳೆಗಾಲ ಮುಗಿಯುತ್ತಾ ಬಂದರೆ ಸಾಕು, "ಟ್ರೆಕಿಂಗ್ ಬ್ಯಾಗು ಎಲ್ಲಿ ಅಗ್ಗಕ್ಕೆ ಸಿಗುತ್ತೆ?" ಅಂತ ಕೇಳುವವರು ಜಾಸ್ತಿಯಾಗುತ್ತಾರೆ. ಕುಮಾರ ಪರ್ವತಕ್ಕೆ ಹೊರಟವರು, ಆಫೀಸಿನ ಗೆಳೆಯರ ಜೊತೆ ಮೊದಲ ಸಲ ಸ್ಕಂದಗಿರಿ ಹತ್ತುವವರು, ಮಗಳನ್ನು ಹಿಮಾಲಯದ ಕ್ಯಾಂಪಿಗೆ ಕಳಿಸುತ್ತಿರುವ ಅಪ್ಪ ಅಮ್ಮ, ಎಲ್ಲರದೂ ಅದೇ ಪ್ರಶ್ನೆ. ನಾಲ್ಕು ಅಂಗಡಿಗಳ ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಅದರಿಂದ ನಿಮಗೆ ದೊಡ್ಡ ಉಪಯೋಗ ಆಗುವುದಿಲ್ಲ. ಒಂದೇ ಅಂಗಡಿಯಲ್ಲಿ ಒಳ್ಳೆಯ ಮಾಲೂ ಇರುತ್ತದೆ, ಕಳಪೆ ಮಾಲೂ ಇರುತ್ತದೆ.

ನನ್ನ ಪ್ರಕಾರ ಮುಖ್ಯವಾದದ್ದು ಬೇರೆ. ಬ್ಯಾಗಿನ ಯಾವ ದೋಷ ರಿಪೇರಿ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನೋದು ಗೊತ್ತಿರಬೇಕು. ಅದು ಗೊತ್ತಿದ್ದವರು ಬೇರೆಯವರು ಬೇಡ ಅಂತ ಬಿಟ್ಟ ಒಳ್ಳೆಯ ಬ್ಯಾಗನ್ನು ಕಡಿಮೆ ಬೆಲೆಗೆ ತಂದು ವರ್ಷಗಟ್ಟಲೆ ಹೊರುತ್ತಾರೆ. ಗೊತ್ತಿಲ್ಲದವರು 70% ರಿಯಾಯಿತಿ ಅಂತ ಹೊಸದನ್ನು ತಂದು ಎರಡನೇ ಟ್ರೆಕ್‌ನಲ್ಲೇ ಪಟ್ಟಿ ಕಿತ್ತುಕೊಂಡು ಕೂರುತ್ತಾರೆ.

1. ಎಷ್ಟು ಲೀಟರ್, ಎಷ್ಟು ಉದ್ದ: ಮನೆಯಲ್ಲೇ ತೀರ್ಮಾನಿಸಿ

ಬ್ಯಾಗಿನೊಳಗೆ ಎಷ್ಟು ಜಾಗ ಇದೆ ಅನ್ನೋದನ್ನು ಲೀಟರ್‌ನಲ್ಲಿ ಹೇಳುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಸಾವನದುರ್ಗ, ಮಾಕಳಿದುರ್ಗ, ಅಂತರಗಂಗೆಯಂಥ ಜಾಗಗಳಿಗೆ 20ರಿಂದ 25 ಲೀಟರ್ ಧಾರಾಳ. ಎರಡು ದಿನ, ಒಂದು ರಾತ್ರಿಯ ಟ್ರೆಕ್‌ಗೆ 40ರಿಂದ 50. ವಾರಗಟ್ಟಲೆ ನಡೆಯುವ ಹಿಮಾಲಯದ ಟ್ರೆಕ್‌ಗೆ 50ರಿಂದ 60. "ಇರಲಿ, ದೊಡ್ಡದೇ ತಗೊಳ್ಳೋಣ" ಅನ್ನಬೇಡಿ. ಜಾಗ ಇದ್ದಷ್ಟೂ ತುಂಬುತ್ತೀರಿ, ತುಂಬಿದಷ್ಟೂ ಹೊರಬೇಕು. ತುಂಬಿದ ಬ್ಯಾಗಿನ ತೂಕ ನಿಮ್ಮ ಮೈತೂಕದ ಐದನೇ ಒಂದು ಭಾಗ ದಾಟದಿರಲಿ.

ಲೀಟರ್‌ಗಿಂತ ಮುಖ್ಯವಾದದ್ದು ಬೆನ್ನಿನ ಉದ್ದ. ಇದನ್ನು ಯಾರೂ ಅಳೆಯುವುದಿಲ್ಲ! ತಲೆ ಮುಂದಕ್ಕೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಆಮೇಲೆ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳುಗಳನ್ನು ಬೆನ್ನಿನ ಕಡೆಗೆ ಚಾಚಿ. ಕತ್ತಿನ ಆ ಮೂಳೆಯಿಂದ ಹೆಬ್ಬೆರಳುಗಳ ಸಾಲಿನವರೆಗೆ ಟೈಲರ್ ಟೇಪಿನಲ್ಲಿ ಮನೆಯವರ ಹತ್ತಿರ ಅಳೆಸಿ. ಅದೇ ನಿಮ್ಮ ಅಳತೆ. ಸುಮಾರು 43ರಿಂದ 48 ಸೆಂ.ಮೀ. ಬಂದರೆ ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ನಿಮ್ಮದು ಮೀಡಿಯಂ. 40 ಲೀಟರ್ ಮೇಲಿನ ಬ್ಯಾಗಿನಲ್ಲಿ ಭಾರ ಕೂರಬೇಕಾದದ್ದು ಸೊಂಟದ ಪಟ್ಟಿಯ ಮೇಲೆ, ಹೆಗಲ ಮೇಲಲ್ಲ. ಬೆನ್ನಿನ ಉದ್ದ ಹೊಂದದಿದ್ದರೆ ಸೊಂಟದ ಪಟ್ಟಿ ಹೊಟ್ಟೆ ಮೇಲೆ ಬಂದು ಕೂರುತ್ತದೆ, ಭಾರವೆಲ್ಲ ಹೆಗಲಿಗೆ. ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಇದು ರಿಪೇರಿ ಆಗದ ದೋಷ.

2. ಯಾವುದು ಕೊಳ್ಳಬೇಕು, ಯಾವುದು ಬಾಡಿಗೆಗೆ ಸಾಕು

ಪಟ್ಟಿ ಮಾಡಿಕೊಂಡು ಎಲ್ಲವನ್ನೂ ಒಂದೇ ಸಲ ಕೊಳ್ಳುವುದು ದುಡ್ಡು ಹಾಳು ಮಾಡುವ ದಾರಿ. ಮೊದಲ ಟ್ರೆಕ್‌ಗೆ ಶೂ, ಸಣ್ಣ ಬ್ಯಾಗು, ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಇಷ್ಟು ಕೊಂಡರೆ ಸಾಕು. ಟೆಂಟು, ಸ್ಲೀಪಿಂಗ್ ಬ್ಯಾಗು, ರಕ್‌ಸ್ಯಾಕು ಅನ್ನುವ ದೊಡ್ಡ ಟ್ರೆಕಿಂಗ್ ಬ್ಯಾಗು ಎಲ್ಲ ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೋಗುವವರಾದರೆ ಟೆಂಟನ್ನು ಕೊಳ್ಳಲೇಬೇಡಿ. ಮನೆಯ ಅಟ್ಟದ ಮೇಲೆ ತೇವದಲ್ಲಿ ಬಿದ್ದು ಹಾಳಾಗುವುದೇ ಜಾಸ್ತಿ.

ಬಾಡಿಗೆಗೆ ತರುವಾಗ ಅಂಗಡಿಯಲ್ಲೇ ಟೆಂಟ್ ಬಿಚ್ಚಿಸಿ ನೋಡಿ. ಕೋಲುಗಳು ಸೀಳಿಲ್ಲ, ಗೂಟಗಳು ಲೆಕ್ಕಕ್ಕಿವೆ, ಜಿಪ್ ಪೂರ್ತಿ ಓಡುತ್ತದೆ ಅಂತ ಖಚಿತ ಮಾಡಿಕೊಂಡು ಫೋಟೋ ತೆಗೆದಿಡಿ. ಡೆಪಾಸಿಟ್ ವಾಪಸ್ ಕೊಡುವಾಗ ಜಗಳ ಬರುವುದು ಇಂಥದ್ದಕ್ಕೇ.

3. ಬ್ಯಾಗನ್ನು ಕೈಯಲ್ಲಿ ಓದಿ

ಇಲ್ಲಿ ಸಮಯ ಕೊಡಿ. ಬ್ರ್ಯಾಂಡ್ ಯಾವುದೇ ಇರಲಿ, ಈ ಜಾಗಗಳನ್ನು ನೋಡದೆ ದುಡ್ಡು ಕೊಡಬೇಡಿ.

ಮೊದಲು ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗ. ಬ್ಯಾಗು ಮೊದಲು ಕಿತ್ತುಬರುವುದು ಅಲ್ಲೇ. ಪಟ್ಟಿಯ ಬುಡವನ್ನು ಎರಡು ಬೆರಳಲ್ಲಿ ಅಗಲಿಸಿ ನೋಡಿ. ಒಳ್ಳೆಯ ಬ್ಯಾಗಿನಲ್ಲಿ ಅಲ್ಲಿ ಬರೀ ಒಂದು ಸಾಲು ಹೊಲಿಗೆ ಇರುವುದಿಲ್ಲ. ಒಂದೆರಡು ಸೆಂ.ಮೀ. ಉದ್ದಕ್ಕೆ ದಾರ ಹಿಂದಕ್ಕೂ ಮುಂದಕ್ಕೂ ಒತ್ತೊತ್ತಾಗಿ ಓಡಿ ಒಂದು ಗಟ್ಟಿ ಗೆರೆಯ ಥರ ಕಾಣುತ್ತದೆ. ಇದನ್ನು ಬಾರ್‌ಟ್ಯಾಕ್ ಅನ್ನುತ್ತಾರೆ. ಕೆಲವು ಬ್ಯಾಗುಗಳಲ್ಲಿ ಚೌಕದೊಳಗೆ ಗುಣಾಕಾರದ ಚಿಹ್ನೆ ಹಾಕಿದ ಹಾಗೆ ಹೊಲಿದಿರುತ್ತಾರೆ, ಅದೂ ಗಟ್ಟಿಯೇ. ಒಂದು ಕೈಯಲ್ಲಿ ಬ್ಯಾಗನ್ನೂ ಇನ್ನೊಂದರಲ್ಲಿ ಪಟ್ಟಿಯನ್ನೂ ಹಿಡಿದು ಜಗ್ಗಿ. ಹೊಲಿಗೆಯ ತೂತುಗಳು ಬಾಯಿ ಬಿಟ್ಟರೆ ಕೆಳಗಿಟ್ಟು ಮುಂದಿನದನ್ನು ನೋಡಿ.

ಆಮೇಲೆ ಜಿಪ್. ಓಡಾಡುವ ಲೋಹದ ತುಂಡಿಗೆ ರನ್ನರ್ ಅನ್ನುತ್ತೇವಲ್ಲ, ಅದರ ಮೇಲೋ ಹಿಂದೋ ಹೆಸರು ಕೊರೆದಿರುತ್ತದೆ. ವೈಕೆಕೆ ಜಪಾನಿನ ಕಂಪನಿ, ಜಿಪ್‌ಗಳಲ್ಲಿ ಹೆಸರುವಾಸಿ. ಎಸ್‌ಬಿಎಸ್ ಕೂಡ ಚೆನ್ನಾಗಿ ಬಾಳುತ್ತದೆ. ರನ್ನರ್ ಹಿಂಬದಿಯಲ್ಲಿ 5, 8, 10 ಅಂತ ಅಂಕೆ ಇದ್ದರೆ ಅದು ಜಿಪ್ಪಿನ ದಪ್ಪದ ಲೆಕ್ಕ, ಹೆಚ್ಚು ಕಡಿಮೆ ಮುಚ್ಚಿದ ಹಲ್ಲಿನ ಅಗಲ ಎಷ್ಟು ಮಿ.ಮೀ. ಅಂತ. ಬ್ಯಾಗಿನ ಮುಖ್ಯ ಜಿಪ್ 8 ಅಥವಾ 10 ಇರಲಿ. ಸಣ್ಣ ಜೇಬಿಗೆ 5 ಸಾಕು. ಜಿಪ್ಪನ್ನು ಒಂದೇ ಕೈಯಲ್ಲಿ ಎಳೆಯಿರಿ, ಅದರಲ್ಲೂ ಮೂಲೆ ತಿರುಗುವಲ್ಲಿ. ಅಲ್ಲಿ ಸಿಕ್ಕಿಕೊಂಡರೆ ತುಂಬಿದಾಗ ಇನ್ನೂ ಕಷ್ಟ. ಹೆಸರು ನೋಡಿಯೇ ನಂಬಬೇಡಿ, ನಕಲಿ ರನ್ನರ್‌ಗಳ ಮೇಲೂ ಅದೇ ಅಕ್ಷರ ಇರುತ್ತವೆ. ಓಡಾಟ ನುಣುಪಾಗಿದೆಯಾ ಅನ್ನೋದೇ ಪರೀಕ್ಷೆ.

ಬಟ್ಟೆಯ ವಿಷಯದಲ್ಲಿ 210ಡಿ, 420ಡಿ, 600ಡಿ ಅಂತ ಬರೆದಿರುತ್ತಾರೆ. ಡಿ ಅಂದರೆ ಡೆನಿಯರ್. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಅಂಕೆ ಹೆಚ್ಚಿದ್ದಷ್ಟೂ ದಾರ ದಪ್ಪ. ಆದರೆ ದಪ್ಪ ಅಂದ ಮಾತ್ರಕ್ಕೆ ಗಟ್ಟಿ ಅಲ್ಲ: ಒಳ್ಳೆಯ 210ಡಿ ನೈಲಾನ್, ಸಾಧಾರಣ 600ಡಿ ಪಾಲಿಯೆಸ್ಟರಿಗಿಂತ ಹಗುರ ಇದ್ದೂ ಚೆನ್ನಾಗಿ ಬಾಳಬಹುದು. ಬಟ್ಟೆಯಲ್ಲಿ ಸಣ್ಣ ಸಣ್ಣ ಚೌಕಗಳ ನೇಯ್ಗೆ ಕಂಡರೆ ಅದು ರಿಪ್‌ಸ್ಟಾಪ್, ಹರಿದರೂ ಸೀಳು ಬೇಗ ಮುಂದೆ ಹೋಗುವುದಿಲ್ಲ. ಬ್ಯಾಗಿನ ತಳ ಮಾತ್ರ ದಪ್ಪವೇ ಇರಬೇಕು. ಬಂಡೆ ಮೇಲೆ ಇಳಿಸುವುದು ಅದನ್ನೇ ಅಲ್ವಾ?

ಕೊನೆಗೆ ಒಳಮೈ. ಬ್ಯಾಗನ್ನು ಒಳಗಿಂದ ಹೊರಕ್ಕೆ ತಿರುಗಿಸಿ ನೋಡುವವರು ತೀರಾ ಕಡಿಮೆ. ನೀವು ನೋಡಿ. ಹೊಲಿಗೆಯ ಅಂಚುಗಳಿಗೆ ಪಟ್ಟಿ ಕೊಟ್ಟು ಮುಚ್ಚಿದ್ದಾರಾ, ಅಥವಾ ಬಟ್ಟೆಯ ನೂಲು ಬಿಚ್ಚಿಕೊಂಡು ನೇತಾಡುತ್ತಿದೆಯಾ? ನೇತಾಡುತ್ತಿದ್ದರೆ ಹೊರಗಡೆ ಎಷ್ಟೇ ಥಳಥಳ ಅಂದರೂ ಬೇಡ.

ತೂಕ ಹಾಕದೆ ಬ್ಯಾಗನ್ನು ಬೆನ್ನಿಗೇರಿಸಿ ನೋಡಿ ಪ್ರಯೋಜನವಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ನಾಲ್ಕೈದು ಬಾಟಲಿ ತುಂಬಿಸಿಕೊಂಡೇ ಅಂಗಡಿಗೆ ಹೋಗಿ, ಅಥವಾ ಅಲ್ಲಿರುವ ಡಂಬೆಲ್ಲುಗಳನ್ನು ಕೇಳಿ ಒಳಗಿಡಿ. ಹತ್ತು ನಿಮಿಷ ಅಂಗಡಿಯೊಳಗೇ ಓಡಾಡಿ.

4. ರಿಪೇರಿ ಆಗುವ ದೋಷಕ್ಕೆ ಬೆಲೆ ಇಳಿಸಿ, ಆಗದ ದೋಷಕ್ಕೆ ಕೈ ಮುಗಿಯಿರಿ

ಜಿಪ್ ಮುಚ್ಚಿದ ಮೇಲೂ ಹಿಂದೆ ಬಾಯಿ ಬಿಡುತ್ತಿದೆ ಅಂದರೆ ಎಷ್ಟೋ ಸಲ ಹಲ್ಲು ಸರಿಯಾಗಿಯೇ ಇರುತ್ತದೆ, ರನ್ನರ್ ಸವೆದು ಸಡಿಲವಾಗಿರುತ್ತದೆ ಅಷ್ಟೆ. ಸಣ್ಣ ಇಕ್ಕಳದಲ್ಲಿ ರನ್ನರಿನ ಎರಡೂ ಪಕ್ಕ ಮೆಲ್ಲಗೆ ಒತ್ತಿದರೆ ಕೆಲವು ತಿಂಗಳು ಓಡುತ್ತದೆ. ಹೊಸ ರನ್ನರ್ ಹಾಕಿಸಿದರೆ ವರ್ಷಗಟ್ಟಲೆ. ಬಡಾವಣೆಗಳಲ್ಲಿ ಫುಟ್‌ಪಾತ್ ಪಕ್ಕ ಬ್ಯಾಗು, ಚಪ್ಪಲಿ, ಛತ್ರಿ ರಿಪೇರಿ ಮಾಡುವವರು ಇಂದಿಗೂ ಇದ್ದಾರೆ. ಅವರ ಕೈಗೆ ಇದು ಐದು ನಿಮಿಷದ ಕೆಲಸ. ಒಡೆದ ಬಕಲ್, ಬಿಟ್ಟ ಹೊಲಿಗೆ, ಕಿತ್ತ ಎಳೆದಾರ, ಸಣ್ಣ ಹರಕು, ಎಲ್ಲ ಹೀಗೇ ಸರಿಯಾಗುವಂಥವು. ಬಕಲ್ಲು, ಪಟ್ಟಿ, ಮೀಟರ್ ಲೆಕ್ಕದ ಜಿಪ್ಪು ಚಿಕ್ಕಪೇಟೆ ಸುತ್ತಮುತ್ತಲ ಗಲ್ಲಿಗಳಲ್ಲಿ ಸಿಗುತ್ತವೆ. ಹಳೇ ಬಕಲ್ಲನ್ನು ಮಾದರಿಗೆ ಜೊತೆಯಲ್ಲಿ ಒಯ್ಯಿರಿ, ಪಟ್ಟಿಯ ಅಗಲ 20 ಮಿ.ಮೀ.ಯೋ 25 ಮಿ.ಮೀ.ಯೋ ಅಂತ ಅಳೆದಿರಿ.

ಇಂಥ ದೋಷ ಇರುವ ಬ್ಯಾಗು ಕಂಡರೆ ಬಿಡಬೇಡಿ. "ಅಣ್ಣಾ, ಜಿಪ್ ಹೋಗಿದೆ ನೋಡಿ, ಇದನ್ನ ನಾನೇ ಮಾಡಿಸ್ಕೋತೀನಿ, ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ?" ಅಂತ ಕೇಳಿ. ಮಾರದೆ ಉಳಿದ ಮಾಲು ಅವರಿಗೂ ಭಾರವೇ.

ಈಗ ಆಗದ ದೋಷಗಳು. ಬ್ಯಾಗಿನ ಒಳಗೆ ಕೈಯಾಡಿಸಿದಾಗ ಅಂಟಂಟಾದರೆ, ಬಿಳಿ ಪೊರೆ ಉದುರಿದರೆ, ಬಟ್ಟೆಗೆ ಕೊಟ್ಟ ನೀರು ತಡೆಯುವ ಲೇಪ ಕೊಳೆಯುತ್ತಿದೆ ಅಂತ ಅರ್ಥ. ಬೆಂಗಳೂರಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಮುಚ್ಚಿಟ್ಟ ಬ್ಯಾಗುಗಳಿಗೆ ಇದು ಬೇಗ ಬರುತ್ತದೆ. ವಾಸನೆ ಬೇರೆ. ಲೇಪವನ್ನು ಹೊಸದಾಗಿ ಕೊಡಿಸಿ ಮೊದಲಿನ ಹಾಗೆ ಮಾಡಲಾಗುವುದಿಲ್ಲ. ಹೆಗಲ ಪಟ್ಟಿಯ ಫೋಮ್ ಒತ್ತಿದರೆ ಮೇಲೇಳದೆ ಹಾಗೇ ಚಪ್ಪಟೆಯಾಗಿ ಉಳಿಯುವುದು, ಬಿಸಿಲಿಗೆ ಬಣ್ಣ ಹೋಗಿ ಬಟ್ಟೆಯೇ ಪೆಡಸಾಗಿರುವುದು, ಇವೂ ಅಷ್ಟೆ. ಪುಕ್ಕಟೆ ಕೊಟ್ಟರೂ ಬೇಡ.

5. ಎಲ್ಲಿ ಹುಡುಕುವುದು

ಡೆಕಥ್ಲಾನ್ ಎಲ್ಲರಿಗೂ ಗೊತ್ತು. ಈ ಫ್ರೆಂಚ್ ಕಂಪನಿ 2009ರಲ್ಲಿ ಭಾರತಕ್ಕೆ ಕಾಲಿಟ್ಟದ್ದು ನಮ್ಮ ಸರ್ಜಾಪುರ ರಸ್ತೆಯಲ್ಲೇ. ಮೊದಲ ಸಲ ಕೊಳ್ಳುವವರು ಶುರು ಮಾಡಬೇಕಾದದ್ದು ಇಲ್ಲಿಂದಲೇ ಅನ್ನೋದು ನನ್ನ ಅಭಿಪ್ರಾಯ, ಯಾಕಂದರೆ ಎಲ್ಲವನ್ನೂ ಮುಟ್ಟಿ, ಹಾಕಿಕೊಂಡು ನೋಡಬಹುದು. ಕೆಚುವಾ ಹೆಸರಿನವು ಒಂದು ದಿನದ ನಡಿಗೆಗೆ, ಸಿಮಂಡ್ (ಮೊದಲು ಫೋರ್‌ಕ್ಲಾಜ್) ಹೆಸರಿನವು ದಿನಗಟ್ಟಲೆಯ ಟ್ರೆಕ್‌ಗೆ. ಗಿರಾಕಿಗಳು ವಾಪಸ್ ಕೊಟ್ಟ, ಸ್ವಲ್ಪ ಬಳಸಿದ ಸಾಮಾನು ಏನಾದರೂ ಇದೆಯಾ ಅಂತ ಅಲ್ಲಿನ ಸಿಬ್ಬಂದಿಯನ್ನು ಬಾಯಿ ಬಿಟ್ಟು ಕೇಳಿ. ಕೇಳಿದವರಿಗೆ ಮಾತ್ರ ಸಿಗುವ ಅಗ್ಗ ಅದು.

ಮಾರತ್‌ಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳು ಎರಡನೇ ಜಾಗ. ಹಿಂದಿನ ಸೀಸನ್ನಿನ ಮಾಲು, ಬಣ್ಣ ಹಳೆಯದಾದ ಮಾಲು ಇಲ್ಲಿಗೆ ಬರುತ್ತದೆ. ಶೂ, ಜಾಕೆಟ್ಟಿಗೆ ಒಳ್ಳೆಯ ಜಾಗ. ಆದರೆ ಔಟ್‌ಲೆಟ್‌ಗೆ ಅಂತಲೇ ಕಡಿಮೆ ದರ್ಜೆಯಲ್ಲಿ ತಯಾರಿಸಿದ ಮಾಲೂ ಕೆಲವು ಕಡೆ ಇರುತ್ತದೆ. ಅದಕ್ಕೇ ಮೂರನೇ ಹಂತದ ಪರೀಕ್ಷೆಯನ್ನು ಇಲ್ಲಿ ಬಿಡಬೇಡಿ. ವೈಲ್ಡ್‌ಕ್ರಾಫ್ಟ್ ಬೆಂಗಳೂರಿನದೇ ಕಂಪನಿಯಾದ್ದರಿಂದ ಅದರ ಅಂಗಡಿಗಳು ನಗರದ ತುಂಬ ಇವೆ. ಸೇಲ್ ಸಮಯದಲ್ಲಿ ಒಂದು ಸುತ್ತು ಹಾಕಿ, ಕಾಲೇಜು ಬ್ಯಾಗನ್ನೂ ಟ್ರೆಕಿಂಗ್ ಬ್ಯಾಗನ್ನೂ ಬೇರೆ ಮಾಡಿ ನೋಡಿ. ಸೊಂಟದ ದಪ್ಪ ಪಟ್ಟಿ, ಎದೆಯ ಪಟ್ಟಿ ಇಲ್ಲದ್ದು ಲ್ಯಾಪ್‌ಟಾಪ್‌ಗೆ ಸರಿ, ಬೆಟ್ಟಕ್ಕಲ್ಲ.

ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್, ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ಹೋಗುವುದಾದರೆ ಮೆಟ್ರೋದಲ್ಲಿ ಹೋಗಿ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಇಲ್ಲಿ ದೊಡ್ಡ ಹೆಸರಿನ ಬ್ಯಾಗು ಕಾಲು ಭಾಗ ಬೆಲೆಗೆ ಸಿಕ್ಕಿದರೆ ಅದು ನಕಲಿ, ಅಂಗಡಿಯವರ ಮಾತಲ್ಲಿ "ಫಸ್ಟ್ ಕಾಪಿ". ಹೆಸರಿಗೋಸ್ಕರ ದುಡ್ಡು ಕೊಡಬೇಡಿ. ಆದರೆ ಹೆಸರಿಲ್ಲದ ಸರಳ ಸಾಮಾನಿಗೆ ಈ ಜಾಗಗಳನ್ನು ಮೀರಿಸಿದ್ದಿಲ್ಲ: ನೈಲಾನ್ ಹಗ್ಗ, ಟಾರ್ಪಾಲ್, ರೇನ್‌ಕೋಟು, ಸ್ಟೀಲ್ ಬಾಟಲಿ, ಬಟ್ಟೆ ತುಂಬುವ ಸಣ್ಣ ಚೀಲಗಳು. ಬ್ಯಾಗಿನ ಮಳೆ ಹೊದಿಕೆಗೆ ಸುಮ್ನೆ ಜಾಸ್ತಿ ಖರ್ಚು ಮಾಡುವ ಬದಲು ಒಂದು ದಪ್ಪ ಪಾಲಿಥಿನ್ ಚೀಲವನ್ನು ಬ್ಯಾಗಿನ ಒಳಗೇ ಹಾಕಿ, ಸಾಮಾನನ್ನೆಲ್ಲ ಅದರೊಳಗೆ ತುಂಬಿ ಬಾಯಿ ಸುತ್ತಿಬಿಡಿ. ಪಶ್ಚಿಮ ಘಟ್ಟದ ಮಳೆಯಲ್ಲಿ ನೀರು ಬೆನ್ನಿನ ಕಡೆಯಿಂದ ಇಳಿದು ಒಳಗೆ ಬರುತ್ತದೆ, ಹೊರಗಿನ ಹೊದಿಕೆ ಅದನ್ನು ತಡೆಯುವುದಿಲ್ಲ. ಆ ಚೀಲವನ್ನು ಕಾಡಿನಲ್ಲಿ ಬಿಡದೆ ವಾಪಸ್ ತನ್ನಿ.

ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಕೂರುವ ಸಂಡೇ ಬಜಾರ್‌ನಲ್ಲಿ ಹಳೇ ಬ್ಯಾಗುಗಳೂ ಸಿಗುತ್ತವೆ. ಬೇಗ ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ, ಫೋನು ಜೋಪಾನ. ಬಿಲ್ಲೂ ಇರುವುದಿಲ್ಲ, ವಾಪಸೂ ಇಲ್ಲ. ಎಲ್ಲಿಂದ ಬಂತು ಅಂತ ಅನುಮಾನ ಹುಟ್ಟಿಸುವ ದುಬಾರಿ ಸಾಮಾನನ್ನು ಮುಟ್ಟಬೇಡಿ.

6. ಯಾವಾಗ ಕೊಳ್ಳಬೇಕು

ಅಕ್ಟೋಬರ್‌ನಿಂದ ಫೆಬ್ರವರಿ ಎಲ್ಲರೂ ಟ್ರೆಕ್‌ಗೆ ಹೋಗುವ ಕಾಲ, ಆಗ ಸೇಲ್ ಇಲ್ಲದ ದಿನಗಳಲ್ಲಿ ಅಂಗಡಿಗಳಲ್ಲಿ ಬೆಲೆ ಇಳಿಯುವುದು ಕಡಿಮೆ. ಜನವರಿ ಮತ್ತು ಜೂನ್–ಜುಲೈನಲ್ಲಿ ಬರುವ ಸೀಸನ್ ಮುಗಿದ ಸೇಲ್, ದಸರಾ ದೀಪಾವಳಿ ಸಮಯದ ಆನ್‌ಲೈನ್ ಸೇಲ್ ಕಾಯಿರಿ. ಬೆಚ್ಚನೆ ಜಾಕೆಟ್ಟನ್ನು ಚಳಿ ಮುಗಿದ ಮೇಲೆ, ರೇನ್‌ಕೋಟನ್ನು ಮಳೆ ಮುಗಿದ ಮೇಲೆ ಕೊಳ್ಳಿ.

"ಎಂಆರ್‌ಪಿ 8,999, ಈಗ 1,999" ಅನ್ನುವುದನ್ನು ನೋಡಿ ಖುಷಿಪಡಬೇಡಿ. ಎಂಆರ್‌ಪಿ ಅಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಅನ್ನುವ ಗರಿಷ್ಠ ಬೆಲೆ, ಅದನ್ನು ಬರೆಯುವುದು ಕಂಪನಿಯೇ. ಎರಡು ತಿಂಗಳ ಹಿಂದೆ ಅದೇ ಬ್ಯಾಗು ಎಷ್ಟಿತ್ತು ಅನ್ನೋದೇ ನಿಜವಾದ ಲೆಕ್ಕ. ಬೇಕಾದದ್ದನ್ನು ವಿಶ್‌ಲಿಸ್ಟ್‌ಗೆ ಹಾಕಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಕಾಯಿರಿ. ವಿಮರ್ಶೆ ಓದುವಾಗ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಓದಿ, ಅದರಲ್ಲೂ ಆರು ತಿಂಗಳು ಬಳಸಿ ಬರೆದವರದ್ದನ್ನು.

7. ಬಳಸಿದ ಸಾಮಾನು ಕೊಳ್ಳುವಾಗ

ಬೆಂಗಳೂರಿಗೆ ಇದೊಂದು ಅನುಕೂಲ. ಕೆಲಸಕ್ಕೆ ಅಂತ ಬಂದವರು ಊರು ಬದಲಿಸುವಾಗ ಒಂದೇ ಸಲ ಹಿಮಾಲಯಕ್ಕೆ ಹೋಗಿ ಬಂದ ರಕ್‌ಸ್ಯಾಕು, ಟ್ರೆಕಿಂಗ್ ಕೋಲು, ಜಾಕೆಟ್ಟು ಎಲ್ಲವನ್ನೂ ಮಾರಿ ಹೋಗುತ್ತಾರೆ. ಅಪಾರ್ಟ್‌ಮೆಂಟ್ ಗುಂಪುಗಳು, ಟ್ರೆಕಿಂಗ್ ವಾಟ್ಸ್ಯಾಪ್ ಗುಂಪುಗಳು, ಓಎಲ್ಎಕ್ಸ್ ನೋಡುತ್ತಿರಿ. ಖುದ್ದಾಗಿ ಹೋಗಿ ನೋಡಿ, ನೋಡಿದ ಮೇಲೆ ದುಡ್ಡು ಕೊಡಿ. ಮುಂಗಡ ಕಳಿಸಿ ಅನ್ನುವವರು, "ನಾನು ಸೈನ್ಯದಲ್ಲಿದ್ದೇನೆ, ಪಾರ್ಸೆಲ್ ಮಾಡ್ತೀನಿ" ಅನ್ನುವವರ ಸಹವಾಸ ಬೇಡ. ದುಡ್ಡು ಪಡೆಯಲು ಯಾವತ್ತೂ ಕ್ಯುಆರ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿದರೆ ಅದು ನಿಮ್ಮ ಖಾತೆಯಿಂದ ಹೋಗುವ ದುಡ್ಡು.

ಒಂದು ವಿಷಯದಲ್ಲಿ ದಯವಿಟ್ಟು ಅಗ್ಗ ಹುಡುಕಬೇಡಿ. ರಾಮನಗರದ ಬಂಡೆಗಳಲ್ಲಿ ಕ್ಲೈಂಬಿಂಗ್ ಶುರು ಮಾಡುವವರು ಹಗ್ಗ, ಹಾರ್ನೆಸ್, ಹೆಲ್ಮೆಟ್ ಮಾತ್ರ ಹಳೆಯದು ಕೊಳ್ಳಲೇಬಾರದು. ಹಾರ್ನೆಸ್ ಅಂದರೆ ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡು ಹಗ್ಗಕ್ಕೆ ಸೇರಿಸುವ ಪಟ್ಟಿ. ನೈಲಾನ್ ಬಿಸಿಲಿಗೆ ಒಳಗೊಳಗೇ ಬಲ ಕಳೆದುಕೊಳ್ಳುತ್ತದೆ, ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹೊಸದನ್ನೇ ಕೊಳ್ಳಿ, ಯುಐಎಎ ಅಥವಾ ಸಿಇ ಅನ್ನುವ ಸುರಕ್ಷತೆಯ ಗುರುತು ನೋಡಿ ಕೊಳ್ಳಿ. ಆಗದಿದ್ದರೆ ಸಲಕರಣೆ ಕೊಟ್ಟು ಕಲಿಸುವವರ ಜೊತೆ ಹೋಗಿ.

8. ಶೂ, ಜಾಕೆಟ್, ಸ್ಲೀಪಿಂಗ್ ಬ್ಯಾಗ್

ಶೂ ವಿಷಯದಲ್ಲಿ ಜನ ಮೋಸ ಹೋಗುವುದು ವಯಸ್ಸು ನೋಡದೆ. ಕೆಲವು ಟ್ರೆಕಿಂಗ್ ಶೂಗಳ ಅಟ್ಟೆಯ ನಡುವಿನ ಪದರ ಪಾಲಿಯುರೇಥೇನ್‌ನದ್ದು. ಅದು ಗಾಳಿಯ ತೇವಕ್ಕೆ ನಿಧಾನವಾಗಿ ಕೊಳೆಯುತ್ತದೆ, ಹಾಕಿಕೊಳ್ಳದೆ ಡಬ್ಬಿಯಲ್ಲೇ ಇಟ್ಟಿದ್ದರೂ ಕೊಳೆಯುತ್ತದೆ. ಹಲವು ವರ್ಷ ಗೋಡೌನಿನಲ್ಲಿದ್ದ "ಹೊಸ" ಶೂ ಮೊದಲ ಟ್ರೆಕ್‌ನಲ್ಲೇ ಹಪ್ಪಳದ ಹಾಗೆ ಪುಡಿಯಾಗಿ ಅಟ್ಟೆ ಕಳಚಿಕೊಳ್ಳಬಹುದು. ಡಬ್ಬಿಯ ಲೇಬಲ್ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ. ಎರಡು ಮೂರು ವರ್ಷಕ್ಕಿಂತ ಹಳೆಯದಾದರೆ ಬಿಡಿ. ಸಂಜೆ ಹೊತ್ತು, ಟ್ರೆಕ್‌ಗೆ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದೆ ತಾಗಬಾರದು.

ಮಳೆ ಜಾಕೆಟ್ ಮೇಲೆ 2000 ಮಿ.ಮೀ., 5000 ಮಿ.ಮೀ. ಅಂತ ಬರೆದಿದ್ದರೆ, ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರು ನಿಂತರೂ ಸೋರುವುದಿಲ್ಲ ಅಂತ ಅರ್ಥ. ಆದರೆ ಸೋರುವುದು ಹೊಲಿಗೆಯಲ್ಲಿ. ಜಾಕೆಟ್ಟಿನ ಒಳಗಡೆ ಹೊಲಿಗೆಯ ಉದ್ದಕ್ಕೂ ಟೇಪ್ ಅಂಟಿಸಿದ್ದಾರಾ ನೋಡಿ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಮೂರು ಉಷ್ಣಾಂಶ ಇರುತ್ತವೆ. ದೊಡ್ಡದಾಗಿ ಅಚ್ಚು ಮಾಡಿದ ಮೈನಸ್ ಅಂಕೆ ಅನೇಕ ಸಲ "ಎಕ್ಸ್‌ಟ್ರೀಮ್", ಅಂದರೆ ಜೀವ ಉಳಿಯಬಹುದಾದ ಮಟ್ಟ. ನಿದ್ದೆ ಬರುವ ಮಟ್ಟ "ಕಂಫರ್ಟ್" ಅನ್ನುವುದು, ಅದನ್ನೇ ನೋಡಿ. ಪಶ್ಚಿಮ ಘಟ್ಟಕ್ಕೆ ಪುಕ್ಕ ತುಂಬಿದ್ದು ಬೇಡ, ಒದ್ದೆಯಾದರೆ ಬೆಚ್ಚಗಿಡುವುದಿಲ್ಲ. ಸಿಂಥೆಟಿಕ್ ಅಗ್ಗವೂ ಹೌದು, ಬೇಗ ಒಣಗುತ್ತದೆ ಕೂಡ.

9. ದುಡ್ಡು ಕೊಟ್ಟ ಮೇಲೆ

ಬಿಲ್ಲಿನ ಅಕ್ಷರ ಎಷ್ಟೋ ಸಲ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಅಂಗಡಿಯಿಂದ ಹೊರಬರುವ ಮೊದಲೇ ಫೋಟೋ ತೆಗೆದು, ಟ್ಯಾಗಿನ ಜೊತೆ ಇಟ್ಟುಕೊಳ್ಳಿ. ವಾರಂಟಿ ಅಂದರೆ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ, ಸವೆತಕ್ಕಲ್ಲ. ಹೊಲಿಗೆ ಬಿಟ್ಟರೆ ಕೇಳಬಹುದು, ಬಂಡೆಗೆ ಉಜ್ಜಿ ತೂತಾದರೆ ಇಲ್ಲ. ಅದಕ್ಕೇ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಬ್ಯಾಗಿಗೆ ಪೂರ್ತಿ ಭಾರ ತುಂಬಿ ಮನೆಯ ಮೆಟ್ಟಿಲು ಹತ್ತಿಳಿಯಿರಿ, ಟ್ಯಾಗ್ ಮಾತ್ರ ಕೀಳಬೇಡಿ. ಬಿಲ್ ಇದ್ದೂ ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಕರೆ ಮಾಡುವಾಗ ಬಿಲ್ಲಿನ ಸಂಖ್ಯೆ, ಕೊಂಡ ತಾರೀಕು, ಕಿತ್ತುಹೋದ ಜಾಗದ ಫೋಟೋ ಕೈಯಲ್ಲಿರಲಿ.